ರೊಸಾರಿಯೋ ಮನೆಗೆ ಯಾರು ಹೇಳಿ ಕಳಿಸಿದರು?

ಹೋದ ಭಾನುವಾರ ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿರುವ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆ. ಊಟವಾದ ಮೇಲೆ ಅಣ್ಣನ ಮಗ ಟಿ.ವಿ.ಯಲ್ಲಿ ‘ಡೆತ್ ವಿಶ್ 2’ ಹಾಕಿದ. 1982ರ ಅಮೆರಿಕದ ಚಿತ್ರ, ಮೈಕಲ್ ವಿನ್ನರ್ ನಿರ್ದೇಶನ, ಚಾರ್ಲ್ಸ್ ಬ್ರಾನ್ಸನ್ ನಾಯಕ. 1974ರ ಮೊದಲ ಭಾಗವನ್ನು ಅವನು ಹಿಂದಿನ ವಾರವೇ ನೋಡಿದ್ದನಂತೆ. ಅವನ ಗೆಳೆಯನೂ ಬಂದಿದ್ದ. ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳದ ದಲಾಲಿ ಮಾಡುವ ಅಣ್ಣ ದಿಂಬಿಗೆ ಒರಗಿ ಕೂತಿದ್ದ. ಅತ್ತಿಗೆ ಮಂಡಕ್ಕಿಗೆ ಈರುಳ್ಳಿ ಹೆಚ್ಚಿಕೊಳ್ಳುತ್ತ ಬಾಗಿಲ ಹತ್ತಿರ ಕೂತಿದ್ದಳು.

ಕತೆ ದೊಡ್ಡದೇನಲ್ಲ. ಪಾಲ್ ಕರ್ಸಿ ಕಟ್ಟಡಗಳ ವಿನ್ಯಾಸ ಮಾಡುವವನು. ಮೊದಲ ಭಾಗದಲ್ಲಿ ನ್ಯೂಯಾರ್ಕಿನಲ್ಲಿ ಅವನ ಹೆಂಡತಿಯ ಕೊಲೆಯಾಗಿ, ಮಗಳು ಕ್ಯಾರಲ್ ಮಾತು ಕಳೆದುಕೊಂಡಿರುತ್ತಾಳೆ. ಎರಡನೆಯದರಲ್ಲಿ ಅವರು ಲಾಸ್ ಏಂಜಲೀಸ್‌ಗೆ ಬಂದಿದ್ದಾರೆ, ಮಗಳು ಈಗಷ್ಟೇ ಚೇತರಿಸಿಕೊಳ್ಳುತ್ತಿದ್ದಾಳೆ. ಪುಂಡರ ಗುಂಪೊಂದು ಕರ್ಸಿಯ ಪರ್ಸ್ ಕಿತ್ತುಕೊಂಡು ಅದರಲ್ಲಿದ್ದ ವಿಳಾಸ ಹಿಡಿದು ಮನೆಗೆ ನುಗ್ಗುತ್ತದೆ. ಮನೆಯಲ್ಲಿ ಕೆಲಸದ ಹೆಂಗಸು ರೊಸಾರಿಯೋ ಒಬ್ಬಳೇ. ಅವಳ ಮೇಲೆ ಅತ್ಯಾಚಾರ ಮಾಡಿ ಕೊಲ್ಲುತ್ತಾರೆ. ಅಪ್ಪನ ಜೊತೆ ಮನೆಗೆ ಬಂದ ಕ್ಯಾರಲ್‌ಳನ್ನು ಎತ್ತಿಕೊಂಡು ಹೋಗುತ್ತಾರೆ, ಅವಳೂ ಅದೇ ಗತಿಗೆ ಸಿಕ್ಕಿ ಕಿಟಕಿಯಿಂದ ಹಾರಿ ಸಾಯುತ್ತಾಳೆ. ಉಳಿದ ಸಿನಿಮಾ ಅಪ್ಪ ಅವರನ್ನು ಒಬ್ಬೊಬ್ಬರನ್ನೇ ಹುಡುಕಿ ಕೊಲ್ಲುವುದು.

ರೊಸಾರಿಯೋ ದೃಶ್ಯ ಬೇಗ ಮುಗಿಯುವುದಿಲ್ಲ. ನೋಡುವವರಿಗೆ ಸಿಟ್ಟು ಬರಿಸಲು ಎಷ್ಟು ಬೇಕೋ ಅದಕ್ಕಿಂತ ಬಹಳ ಹೊತ್ತು ಕ್ಯಾಮೆರಾ ಆ ಹೆಂಗಸಿನ ಮೈಮೇಲೇ ನಿಲ್ಲುತ್ತದೆ. ಅತ್ತಿಗೆ ಈರುಳ್ಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಕೂತೇ ಇದ್ದೆ. ಆಮೇಲೆ ಕರ್ಸಿ ಮೊದಲನೆಯವನನ್ನು ಎದುರು ನಿಲ್ಲಿಸಿಕೊಂಡು, ಯೇಸುವಿನ ಮೇಲೆ ನಂಬಿಕೆ ಇದೆಯಾ ಎಂದು ಕೇಳಿ ಗುಂಡು ಹಾರಿಸಿದಾಗ ಹುಡುಗರಿಬ್ಬರೂ ಚಪ್ಪಾಳೆ ಹೊಡೆದರು. ಅಣ್ಣನೂ “ಹಂಗಿರಬೇಕು” ಅಂದ.

ಸಿನಿಮಾ ಮುಗಿದ ಮೇಲೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಮಾತು ಬೆಳೆಯಿತು. “ಪೊಲೀಸರು, ಕೋರ್ಟು ಏನೂ ಮಾಡಲ್ಲ ಅಂದ್ರೆ ಮನುಷ್ಯ ಇನ್ನೇನು ಮಾಡಬೇಕು ಅತ್ತೆ?” ಎಂದು ಕೇಳಿದ ಅಣ್ಣನ ಮಗ. ಅವನ ಗೆಳೆಯನಿಗೆ ಮೊದಲ ಭಾಗವೇ ಮೇಲು ಅನಿಸಿತ್ತು. ಅದರಲ್ಲಿ ಕರ್ಸಿಗೆ ತನ್ನವರ ಮೇಲೆ ಕೈಮಾಡಿದವರು ಸಿಗುವುದೇ ಇಲ್ಲ, ಬೀದಿಯಲ್ಲಿ ಎದುರಾದ ಬೇರೆ ಕಳ್ಳರನ್ನು ಕೊಲ್ಲುತ್ತಾನೆ, ಅದರಲ್ಲೊಂದು ಹುಚ್ಚು ಕಾಣುತ್ತದೆ ಎಂದ. ಒಳ್ಳೆಯ ಮಾತು ಅನಿಸಿತು. ಮೂಲ ಕಾದಂಬರಿಕಾರ ಬ್ರಯನ್ ಗಾರ್ಫೀಲ್ಡ್ 1972ರಲ್ಲಿ ಬರೆದದ್ದು ಇದೇ ಹುಚ್ಚಿನ ಬಗ್ಗೆ. ಸಿನಿಮಾ ಅಂಥವನನ್ನು ಹೀರೋ ಮಾಡಿತೆಂದು ಅವರು ನೊಂದುಕೊಂಡು 1975ರಲ್ಲಿ ಇನ್ನೊಂದು ಕಾದಂಬರಿಯನ್ನೇ ಬರೆದರು. ಎರಡನೇ ಭಾಗಕ್ಕೆ ಬರುವಷ್ಟರಲ್ಲಿ ಆ ಹುಚ್ಚೂ ಹೋಗಿ ಬರೀ ಲೆಕ್ಕ ಉಳಿಯಿತು. ಐದು ಜನ, ಐದು ಸಾವು. ವಿಮರ್ಶಕ ರೋಜರ್ ಎಬರ್ಟ್ ಇದಕ್ಕೆ ಒಂದು ನಕ್ಷತ್ರವನ್ನೂ ಕೊಡಲಿಲ್ಲ.

ನನ್ನ ಮಾತು ಬೇರೆ. ನಾನು ಇಪ್ಪತ್ತೊಂಬತ್ತು ವರ್ಷ ನ್ಯಾಯಾಲಯಗಳಲ್ಲಿ ಸ್ಟೆನೋ ಆಗಿದ್ದವಳು. ವರ್ಗವಾಗಿ ಮೂರು ಜಿಲ್ಲೆ ತಿರುಗಿದ್ದೇನೆ. ಅತ್ಯಾಚಾರದ ಪ್ರಕರಣಗಳಲ್ಲಿ ಹೆಣ್ಣುಮಕ್ಕಳು ಹೇಳಿದ್ದನ್ನು ಬರೆದುಕೊಂಡಿದ್ದು ಈ ಬೆರಳುಗಳೇ. ಅಂಥ ದಿನ ಕೋಣೆಯ ಬಾಗಿಲು ಹಾಕುತ್ತಾರೆ. ಹೊರಗಿನವರು ಯಾರೂ ಇರುವುದಿಲ್ಲ. ಮೊದಲು ಹಾಗಿರಲಿಲ್ಲ. ಮಹಾರಾಷ್ಟ್ರದ ಮಥುರಾ ಪ್ರಕರಣದಲ್ಲಿ, ಠಾಣೆಯೊಳಗೇ ಬುಡಕಟ್ಟು ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಆರೋಪ ಹೊತ್ತ ಇಬ್ಬರು ಪೊಲೀಸರನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಬಿಡುಗಡೆ ಮಾಡಿತು. ಮೈಮೇಲೆ ಗಾಯವಿಲ್ಲ ಎಂಬುದೂ ಒಂದು ಕಾರಣವಾಗಿತ್ತು. ನಾಲ್ವರು ಕಾನೂನು ಅಧ್ಯಾಪಕರು ಅದರ ವಿರುದ್ಧ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಗಿ, ಬಾಗಿಲು ಹಾಕಿ ವಿಚಾರಣೆ ಮಾಡುವುದು ಬಂತು, ನೊಂದವಳ ಹೆಸರು ಬಯಲು ಮಾಡುವುದು ಅಪರಾಧವಾಯಿತು. ಆ ಸಿನಿಮಾ ಬಂದ ಮರುವರ್ಷವೇ. ಅಲ್ಲಿ ಹೆಂಗಸಿನ ಮೈಯನ್ನು ತೆರೆಯ ತುಂಬ ತೋರಿಸುತ್ತಿದ್ದಾಗ ಇಲ್ಲಿ ಒಂದು ಬಾಗಿಲು ಹಾಕಲಿಕ್ಕೆ ಇಷ್ಟು ಜನ ಹೋರಾಡಬೇಕಾಯಿತು.

ಒಬ್ಬ ಹುಡುಗಿಯ ವಿಷಯ ಹೇಳಿದೆ. ಊರು, ವರ್ಷ ಅವತ್ತೂ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ. ಅವಳ ಪಾಟಿ ಸವಾಲು ಎರಡು ದಿನ ನಡೆಯಿತು. ನಡುವೆ ಮೂರು ಸಲ ವಾಯಿದೆ ಬಿದ್ದಿತ್ತು. ಪ್ರತಿ ಸಲ ಅವಳ ಅಪ್ಪ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಬರುತ್ತಿದ್ದ, ವರಾಂಡದ ಬೆಂಚಿನಲ್ಲಿ ಬುತ್ತಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಅವನಿಗೆ ಸಿಟ್ಟಿರಲಿಲ್ಲವೇ? ಇತ್ತು. ಕಣ್ಣಲ್ಲಿ ಕಾಣುತ್ತಿತ್ತು. ಒಂದು ದಿನ ಅಟೆಂಡರ್ ಹತ್ತಿರ, “ನಾನು ಅವರನ್ನ ಕಡಿದು ಜೈಲಿಗೆ ಹೋದ್ರೆ ಇವಳ್ನ ಇಲ್ಲಿಗೆ ಕರ್ಕೊಂಡು ಬರೋರು ಯಾರು?” ಅಂದಿದ್ದನಂತೆ. ಹುಡುಗಿ ಬೋನಿನ ಕಟಕಟೆ ಹಿಡಿದುಕೊಂಡು, ನೀರು ಕೇಳಿ ಕುಡಿದು, ವಕೀಲರು ಒಂದೇ ಪ್ರಶ್ನೆಯನ್ನು ನಾಲ್ಕು ರೀತಿ ಕೇಳಿದರೂ ಒಂದೇ ಉತ್ತರ ಕೊಟ್ಟಳು. ನನ್ನ ಕೈ ನಡುಗಿತ್ತು, ಅವಳ ಧ್ವನಿ ನಡುಗಲಿಲ್ಲ.

ಕರ್ಸಿಯ ಬಗ್ಗೆ ನನಗೆ ಸಿಟ್ಟು ಬಂದದ್ದು ಇಲ್ಲೇ. ಅವನು ಆ ಮುಖಗಳನ್ನು ಕಣ್ಣಾರೆ ಕಂಡಿದ್ದಾನೆ. ಪೊಲೀಸರು ಕೇಳಿದರೆ ಗುರುತು ಹೇಳಲು ಒಪ್ಪುವುದಿಲ್ಲ. ಪ್ರಕರಣದ ಮುಖ್ಯ ಸಾಕ್ಷಿಯೇ ಬಾಯಿ ಮುಚ್ಚಿಕೊಂಡು, ಆಮೇಲೆ ಕಾನೂನು ಏನೂ ಮಾಡಲಿಲ್ಲ ಎಂದು ಪಿಸ್ತೂಲು ತೆಗೆಯುತ್ತಾನೆ! ಇದನ್ನು ಹೇಳಿದಾಗ ಅಣ್ಣನ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊನೆಯವನನ್ನ ಕೋರ್ಟು ಹುಚ್ಚಾಸ್ಪತ್ರೆಗೆ ಕಳಿಸ್ತಲ್ಲ ಅತ್ತೆ, ಅದಕ್ಕೇನಂತೀರಿ?” ಅಂದ. ಹುಚ್ಚು ಎಂದು ತೋರಿಸಿಕೊಡುವ ಹೊಣೆ ನಮ್ಮಲ್ಲಿ ಆರೋಪಿಯದೇ, ಅದು ಸುಲಭವಾಗಿ ದಕ್ಕುವುದಲ್ಲ ಎಂದೆ. ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ವಿಳಂಬದ ಬಗ್ಗೆ ಅವನು ಹೇಳಿದ್ದೆಲ್ಲ ನಿಜವೇ, ನಾನು ಅಲ್ಲಗಳೆಯಲಿಲ್ಲ. ಆ ಹುಡುಗಿ ಮೂರು ಸಲ ಸುಮ್ಮನೆ ಬಂದು ಹೋದದ್ದು ತಪ್ಪು, ಅವತ್ತೂ ತಪ್ಪು, ಇವತ್ತೂ ತಪ್ಪು.

ಅಣ್ಣ ಹೈದರಾಬಾದಿನದು ತೆಗೆದ. 2019ರ ಡಿಸೆಂಬರ್‌ನಲ್ಲಿ ಹೆಣ್ಣುಮಗಳೊಬ್ಬಳ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಪೊಲೀಸರ ಮೇಲೆ ಹೂ ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗ 2022ರಲ್ಲಿ, ಕೊಲ್ಲಬೇಕೆಂದೇ ಗುಂಡು ಹಾರಿಸಿದ್ದು, ಸತ್ತವರಲ್ಲಿ ಮೂವರು ಆಗ ಅಪ್ರಾಪ್ತರು ಎಂದು ವರದಿ ಕೊಟ್ಟಿತು. ಹೂವಿನ ಚಿತ್ರ ಅಣ್ಣನಿಗೆ ನೆನಪಿತ್ತು, ವರದಿ ನೆನಪಿರಲಿಲ್ಲ. “ಹಂಗಾ?” ಅಂದು ಮಿರ್ಚಿ ಕೆಳಗಿಟ್ಟ.

ಅತ್ತಿಗೆ ಇಷ್ಟು ಹೊತ್ತೂ ಏನೂ ಅಂದಿರಲಿಲ್ಲ, ನಾವೂ ಕೇಳಿರಲಿಲ್ಲ. ಚಹಾ ಲೋಟ ಕೈಗೆ ಕೊಡುತ್ತ, “ಆ ಕೆಲಸದಾಕಿ ಸತ್ತಳಲ್ಲ, ಅವಳ ಮನೆಗೆ ಯಾರು ಹೇಳಿ ಕಳಿಸಿದ್ರು?” ಎಂದು ಕೇಳಿದಳು.

ಯಾರ ಹತ್ತಿರವೂ ಉತ್ತರವಿರಲಿಲ್ಲ. ಕರ್ಸಿ ಸೇಡು ತೀರಿಸಿಕೊಂಡದ್ದು ಮಗಳ ಹೆಸರಿನಲ್ಲಿ. ಅವನ ಮನೆಯಲ್ಲಿ ಮೊದಲು ಸತ್ತವಳು ರೊಸಾರಿಯೋ. ಅವಳಿಗೂ ಅಪ್ಪ, ತಮ್ಮ, ಮಕ್ಕಳು ಇದ್ದಿರಬಹುದು. ಅತ್ತಿಗೆಯ ಅವ್ವ ಹಳೇ ದಾವಣಗೆರೆಯಲ್ಲಿ ಮೂರು ಮನೆಯ ಮುಸುರೆ ತಿಕ್ಕಿ ಇವಳನ್ನು ಓದಿಸಿದವಳು. ಈ ಪ್ರಶ್ನೆ ಅವಳಿಗೇ ಹೊಳೆಯಬೇಕಿತ್ತು. ಅಷ್ಟು ವರ್ಷ ಕೋರ್ಟಿನಲ್ಲಿದ್ದ ನನಗೂ ಹೊಳೆದಿರಲಿಲ್ಲ.

“ಇರಮ್ಮ, ಎಲ್ಲೋ ಬಂದಿರತ್ತೆ” ಎಂದು ಅಣ್ಣನ ಮಗ ರಿಮೋಟ್ ತಗೊಂಡು ಸಿನಿಮಾವನ್ನು ಹಿಂದಕ್ಕೆ ಎಳೆದ. ಮುಂದಕ್ಕೆ ಓಡಿಸಿದ, ನಿಲ್ಲಿಸಿದ, ಮತ್ತೆ ಓಡಿಸಿದ. ನಾನು ಚಪ್ಪಲಿ ಹಾಕಿಕೊಂಡು ಹೊರಡುವಾಗಲೂ ಹುಡುಕುತ್ತಲೇ ಇದ್ದ. ರಾತ್ರಿ ಒಂಬತ್ತಕ್ಕೆ ಮೊಬೈಲಿಗೆ ಒಂದೇ ಸಾಲು ಕಳಿಸಿದ: “ಎಲ್ಲೂ ಇಲ್ಲ ಅತ್ತೆ.”