ಕೇಪ್ ಮೇಗೆ ಹೊರಡುವ ಮುನ್ನ ಗಾಳಿ ನೋಡಿ

ಚಳಿಗಾಲಕ್ಕೆ ಮೆಕ್ಸಿಕೋಗೆ ವಲಸೆ ಹೋಗುವ ಮೊನಾರ್ಕ್ ಚಿಟ್ಟೆಗಳ ರೆಕ್ಕೆಗೆ ಗುರುತಿನ ಚೀಟಿ ಅಂಟಿಸುವುದನ್ನು ನೋಡಲು ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ನ್ಯೂಜೆರ್ಸಿಯ ದಕ್ಷಿಣ ತುದಿ ಕೇಪ್ ಮೇಗೆ ಹೋಗಿದ್ದೆವು. ನಾನು, ಮಗಳು, ಧಾರವಾಡದಿಂದ ಬಂದಿದ್ದ ನನ್ನ ಅವ್ವ. ಶುಕ್ರವಾರ ಹೋಗಿ ಭಾನುವಾರ ಬರುವ ಲೆಕ್ಕ. ಆ ಲೆಕ್ಕವೇ ತಪ್ಪಾಗಿತ್ತು.

ನ್ಯೂಯಾರ್ಕ್‌ನಿಂದ ಬಸ್ ಹಿಡಿದಿದ್ದು ಇನ್ನೊಂದು ತಪ್ಪು. ಒಂದೂವರೆ ಗಂಟೆ ತಡ, ಶೌಚಾಲಯಕ್ಕೆ ಬೀಗ, ಎಸಿ ತಗ್ಗಿಸಿ ಎಂದರೆ ಕೇಳುವವರಿಲ್ಲ. ಅವ್ವ ಎರಡು ಶಾಲು ಹೊದ್ದು ದಾರಿಯುದ್ದಕ್ಕೂ ಮುದುಡಿ ಕೂತಿದ್ದಳು. ಹಿರಿಯರು ಜೊತೆಗಿದ್ದರೆ ಕಾರಿನಲ್ಲೇ ಹೋಗಿ. ರೂಮಿನವರು ವಾರಾಂತ್ಯಕ್ಕೆ ಎರಡು ರಾತ್ರಿ ಕಡ್ಡಾಯ ಎಂದು ರಾತ್ರಿಗೆ 289 ಡಾಲರ್ ತೆಗೆದುಕೊಂಡರು. ಮೊದಲು ಬಾಯಿಬಿಡದ 60 ಡಾಲರ್ ಸ್ವಚ್ಛತಾ ಶುಲ್ಕವನ್ನು ಹೊರಡುವಾಗ ಸೇರಿಸಿದರು. ಕೋಣೆಯಲ್ಲಿ ಒಂದೇ ಕಿಟಕಿ, ಅದೂ ಪಕ್ಕದ ಗೋಡೆಗೆ.

ಶನಿವಾರ ಲೈಟ್‌ಹೌಸ್ ಬಳಿಯ ಸ್ಟೇಟ್ ಪಾರ್ಕಿಗೆ ಹೋದೆವು. ಪ್ರವೇಶ ಉಚಿತ. ಚಪ್ಪರದ ಕೆಳಗೆ ಅರವತ್ತು ಎಪ್ಪತ್ತು ಜನ, ಸ್ವಯಂಸೇವಕರ ಕೈಯಲ್ಲಿ ಇದ್ದದ್ದು ಮೂರೇ ಚಿಟ್ಟೆ. ನನಗೆ ನೂಕುನುಗ್ಗಲು ಆಗಿಬರುವುದಿಲ್ಲ. ಮಗಳಿಗಂತೂ ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಆ ಮೂರು ದಿನ ದಕ್ಷಿಣದ ಗಾಳಿ. ತಣ್ಣನೆಯ ವಾಯವ್ಯ ಗಾಳಿ ಬೀಸಿದಾಗ ಉತ್ತರದಿಂದ ಬರುವ ಚಿಟ್ಟೆಗಳು ಕರಾವಳಿಯತ್ತ ತಳ್ಳಿಸಿಕೊಂಡು ಈ ತುದಿಗೆ ಸೇರುತ್ತವೆ. ಮುಂದೆ ಡೆಲವೇರ್ ಕೊಲ್ಲಿ ದಾಟಬೇಕು. ಅದಕ್ಕೆ ಇಲ್ಲಿ ಇಳಿದು ಮಕರಂದ ಹೀರಿ, ರಾತ್ರಿ ಮರಗಳಲ್ಲಿ ಗೊಂಚಲಾಗಿ ತಂಗುತ್ತವೆ. ಇಲ್ಲಿ 1990ರ ದಶಕದ ಆರಂಭದಿಂದ ಇವುಗಳ ಎಣಿಕೆ ನಡೆಯುತ್ತಿದೆ.

ಭಾನುವಾರ ಊಟಕ್ಕೆ ಹತ್ತು ನಿಮಿಷದ ದೂರದ ರಿಯೋ ಗ್ರಾಂಡೆ ಎಂಬ ಊರಿಗೆ ಹೋದದ್ದು ನಮ್ಮ ಪುಣ್ಯ. ದಿನಸಿ ಅಂಗಡಿಯ ಹಿಂಭಾಗದಲ್ಲಿ ಮೆಕ್ಸಿಕೋದ ಹೆಣ್ಣುಮಗಳೊಬ್ಬಳ ಅಡುಗೆಮನೆ, ನಾಲ್ಕೇ ಮೇಜು. ಕಪ್ಪು ಕಾಳಿನ ಪಲ್ಯ, ಅನ್ನ, ಕಣ್ಣೆದುರೇ ತಟ್ಟಿ ಬೇಯಿಸಿದ ಮೆಕ್ಕೆಜೋಳದ ರೊಟ್ಟಿ, ಹುಳಿ ಹಸಿಮೆಣಸಿನ ಚಟ್ನಿ. ತಲೆಗೆ ಒಂಬತ್ತು ಡಾಲರ್. ಮಾಂಸ ಬೇಡ, ಕೊಬ್ಬೂ ಬೇಡ ಎಂದಿದ್ದಕ್ಕೆ ಬೇರೆ ಪಾತ್ರೆಯಲ್ಲೇ ಒಗ್ಗರಣೆ ಹಾಕಿದಳು. ಮೂರು ದಿನದಿಂದ ಬ್ರೆಡ್ ತಿಂದು ಸೊರಗಿದ್ದ ಅವ್ವ ಐದು ರೊಟ್ಟಿ ತಿಂದು, ತವೆಯ ಹತ್ತಿರ ಹೋಗಿ ನಿಂತು ನೋಡಿ ಬಂದಳು. ಪಟ್ಟಣದ ಕಡಲ ಬದಿಯ ಹೋಟೆಲುಗಳಲ್ಲಿ ಇದರ ಮೂರು ಪಟ್ಟು ಕೊಟ್ಟರೂ ಇಂಥ ಊಟವಿಲ್ಲ.

ಅಂದು ರಾತ್ರಿ ಮಳೆ. ಬೆಳಗ್ಗೆ ಗಾಳಿ ತಿರುಗುತ್ತದೆಂದು ಕೇಳಿ ಬೇರೆ ಕಡೆ ಒಂದು ರಾತ್ರಿ ಉಳಿದೆವು. ಭಾನುವಾರದ ದರ 110 ಡಾಲರ್!

ಸೋಮವಾರ ಚಪ್ಪರ ಖಾಲಿ. ಆದರೆ ಮರಳದಿಬ್ಬದ ಹಳದಿ ಗೋಲ್ಡನ್‌ರಾಡ್ ಹೂಗಳ ಮೇಲೆಲ್ಲ ಮೊನಾರ್ಕ್, ಒಂದೊಂದು ಗೊಂಚಲಿಗೆ ನಾಲ್ಕೈದು. ಬಲೆ ಹಿಡಿದ ನಿವೃತ್ತ ಶಿಕ್ಷಕಿಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ನಾಲ್ಕೂ ರೆಕ್ಕೆ ಮಡಚಿ ಬೆರಳ ನಡುವೆ ಹಿಡಿದು, ಹಿಂರೆಕ್ಕೆಯ ಹೊರಮೈಯಲ್ಲಿ ನರಗಳ ನಡುವಿನ ದೊಡ್ಡ ಖಾನೆಯ ಮೇಲೆ ಪುಟ್ಟ ದುಂಡು ಚೀಟಿ ಒತ್ತಿದರು. ಎರಡೂ ಹಿಂರೆಕ್ಕೆಗಳ ಒಳಮೈಯಲ್ಲಿ ಒಂದೊಂದು ಕಪ್ಪು ಚುಕ್ಕೆ ಇದ್ದರೆ ಗಂಡು. ಸಂಖ್ಯೆ, ದಿನ, ಜಾಗ ಬರೆದುಕೊಂಡರು.

"ಪಾಪ, ಪಾತರಗಿತ್ತಿಗೆ ಅದು ಭಾರ ಆಗೂದಿಲ್ಲೇನು?" ಎಂದಳು ಅವ್ವ. ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಚಿಟ್ಟೆಯ ತೂಕವೇ ಅರ್ಧ ಗ್ರಾಂ, ಚೀಟಿಯದು ಅದರ ಸುಮಾರು 2 ಶೇಕಡಾ ಎಂದರು ಆಕೆ. 1976ರ ಜನವರಿಯಲ್ಲಿ ಮೆಕ್ಸಿಕೋದ ಬೆಟ್ಟದಲ್ಲಿ ಸಿಕ್ಕ ಒಂದು ಚೀಟಿ ಮಿನೆಸೋಟದಲ್ಲಿ ಅಂಟಿಸಿದ್ದಾಗಿತ್ತು. ಇವು ಚಳಿಗಾಲಕ್ಕೆ ಎಲ್ಲಿಗೆ ಹೋಗುತ್ತವೆಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿ ಅದೇ. ಈಗಲೂ ಅಲ್ಲಿನ ಊರವರು ಸತ್ತುಬಿದ್ದ ಚಿಟ್ಟೆಗಳಲ್ಲಿ ಚೀಟಿ ಹುಡುಕುತ್ತಾರೆ, ಸಿಕ್ಕ ಚೀಟಿಗೆ ಹಣ ಪಡೆಯುತ್ತಾರೆ. ನಮ್ಮೂರ ಎಕ್ಕದ ಗಿಡದಲ್ಲಿ ಹುಳುವಾಗಿ ಬೆಳೆಯುವ ಪ್ಲೇನ್ ಟೈಗರ್ ಚಿಟ್ಟೆ ಮೊನಾರ್ಕ್‌ನ ದಾಯಾದಿ.

ಆಕೆ ಚಿಟ್ಟೆಯನ್ನು ಅವ್ವನ ಅಂಗೈ ಮೇಲೆ ಬಿಟ್ಟರು. ಅದು ಒಂದು ಕ್ಷಣ ಕೂತು ಕೊಲ್ಲಿಯತ್ತ ಹಾರಿತು.

ನೀವು ಹೋಗುವುದಾದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ, ದಿನಾಂಕ ಬದಲಿಸಲು ಬರುವ ರೂಮನ್ನೇ ಹಿಡಿಯಿರಿ. ರಜೆ ಸಿಕ್ಕರೆ ವಾರದ ನಡುವೆ, ಮಳೆ ನಿಂತು ವಾಯವ್ಯ ಗಾಳಿ ಬೀಸುವ ಮುಂಜಾನೆ ಅಲ್ಲಿರಿ. ಮರಳದಿಬ್ಬದಲ್ಲಿ ಗಾಳಿ ಚಳಿಯಾಗಿರುತ್ತದೆ, ಕಿವಿ ಮುಚ್ಚುವ ಟೋಪಿ ಒಯ್ಯಿರಿ.