ಡಂಬಳದ ಶೆಟ್ಟರು ಬೇಡಿದ ನೆಮ್ಮದಿ

ಮುಂಡರಗಿ ತಾಲೂಕಿನ ಡಂಬಳಕ್ಕೆ ಹೋಗುವವರು ಸಾಮಾನ್ಯವಾಗಿ ದೊಡ್ಡಬಸಪ್ಪನ ಗುಡಿ ನೋಡಲು ಹೋಗುತ್ತಾರೆ. ನಾನು ಹೋದದ್ದು ಒಂದು ಶಾಸನದ ಬೆನ್ನು ಹತ್ತಿ. ಕಲ್ಯಾಣ ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಶಾಸನ ಅದು. ಧರ್ಮವೊಳಲ್ ಎನಿಸಿಕೊಂಡಿದ್ದ ಈ ಊರಿನಲ್ಲಿ 16 ಮಂದಿ ಶೆಟ್ಟರು ಕೂಡಿ ಬೌದ್ಧ ವಿಹಾರ ಕಟ್ಟಿಸಿ, ಬುದ್ಧನ ಜೊತೆ ಬೌದ್ಧರ ದೇವತೆ ತಾರಾದೇವಿಗೂ ನಡೆದುಕೊಂಡರು ಎಂದು ಅದು ಹೇಳುತ್ತದೆ.

ಧ್ಯಾನ ಸನ್ಯಾಸಿಗಳ ಪಾಲಿನದು ಅನ್ನುವವರಿಗೆ ನಾನು ಈ ಶೆಟ್ಟರನ್ನೇ ತೋರಿಸುತ್ತೇನೆ. ಶಾಸನದ ಸ್ತುತಿಯಲ್ಲಿ ತಾರಾದೇವಿ ಕಳೆಯುವ ಭಯಗಳ ಪಟ್ಟಿಯೇ ಇದೆ: ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು, ಪಿಶಾಚಿ. ಸರಕು ಹೇರಿಕೊಂಡು ಊರೂರು ತಿರುಗುವವರ ಎದೆಯೊಳಗಿನ ಪಟ್ಟಿ ಇದು. ನಮ್ಮ ಪಟ್ಟಿಯಲ್ಲಿ ಸಾಲದ ಕಂತು, ಮಗಳ ಪರೀಕ್ಷೆ, ಆಫೀಸಿನ ಫೋನು ಇವೆ, ಅಷ್ಟೇ.

ಗದಗಿನಿಂದ ಹತ್ತಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೋ ತಂದ ಜೋಳದ ಚೀಲ ನನ್ನ ಪಾದಕ್ಕೆ ಒತ್ತಿ ಕೂತಿತು. ಅರಿವಿನ ಅಭ್ಯಾಸ ಕಲಿಸುವ ಪಾಲಿ ಉಪದೇಶ ಸತಿಪಟ್ಠಾನ ಸುತ್ತದಲ್ಲಿ ಬುದ್ಧ ಹೇಳಿದ್ದನ್ನು ಮಾಡಿ ನೋಡಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಉದ್ದನೆಯ ಉಸಿರು ಬಂದರೆ ಉದ್ದನೆಯದು, ಗಿಡ್ಡ ಉಸಿರು ಬಂದರೆ ಗಿಡ್ಡದ್ದು ಎಂದು ತಿಳಿಯುವುದು. ಆಮೇಲೆ ವೇದನೆ, ಅಂದರೆ ಇಲ್ಲಿ ನೋವಲ್ಲ, ಅನಿಸಿಕೆ: ಹಿತವೋ, ಅಹಿತವೋ, ಎರಡೂ ಅಲ್ಲವೋ. ಪಾದದ ಮೇಲಿನ ಒತ್ತು ಅಹಿತ. ಅದರ ಹಿಂದೆಯೇ "ಇವರಿಗೆ ತಿಳಿಯೂದಿಲ್ಲೇನು" ಎಂಬ ಸಿಟ್ಟು ಎದ್ದಿತು. ಒತ್ತು ಬೇರೆ, ಸಿಟ್ಟು ಬೇರೆ. ಆ ಎರಡರ ನಡುವಿನ ಸಂದು ಕಣ್ಣಿಗೆ ಬಿದ್ದ ಕೂಡಲೇ ಸಿಟ್ಟಿನ ಬಿಸಿ ಇಳಿಯಿತು. ಚೀಲ ಮಾತ್ರ ಡಂಬಳದವರೆಗೂ ಅಲ್ಲೇ ಇತ್ತು.

ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರನ್ನು ಕೇಳಿದೆ: "ಅಜ್ಜಾರ, ತಾರಾದೇವಿ ವಿಹಾರ ಎಲ್ಲಿತ್ರಿ?"

"ಅದೆಲ್ಲಾ ಹಿಂದಿನ ಮಾತ್ರಿ. ಬಸಪ್ಪನ್ನ ನೋಡ್ರಿ, ಆಮ್ಯಾಲೆ ಕೆರಿ ಕಡೆ ಹೋಗ್ರಿ, ಗಾಳಿ ಛಲೋ ಬರತೈತಿ."

ವಿಹಾರ ಈಗ ನಿಂತಿಲ್ಲ. ದೊಡ್ಡಬಸಪ್ಪನದು ಶಿವನ ಗುಡಿ. ಅದನ್ನು ಎಳೆದು ತಂದು ಬೌದ್ಧಕ್ಕೆ ಸೇರಿಸುವುದು ಸಲ್ಲದು. ಆದರೂ ಕಾಲಿನ ಮೇಲೆ ಗಮನವಿಟ್ಟು ನಡೆಯುವ ಅಭ್ಯಾಸಕ್ಕೆ ಇಂಥ ಜಾಗ ನಾನು ಬೇರೆ ಕಂಡಿಲ್ಲ. ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದು ಹೆಜ್ಜೆ ಇಟ್ಟರೆ ಒಂದು ಮೂಲೆ ಬೆಳಕಿಗೆ ಬರುತ್ತದೆ, ಇನ್ನೊಂದು ನೆರಳಿಗೆ ಸರಿಯುತ್ತದೆ. ಹಿಮ್ಮಡಿ ಎತ್ತಿದ್ದು, ಬೆರಳು ಊರಿದ್ದು, ಅಂಗಾಲಿಗೆ ಕಲ್ಲಿನ ಬಿಸಿ ತಾಕಿದ್ದು, ಇಷ್ಟನ್ನೇ ಗಮನಿಸುತ್ತ ಸುತ್ತಿದೆ. ಮನಸ್ಸು ಹಲವು ಸಲ ಹುಬ್ಬಳ್ಳಿಗೆ ಓಡಿತು. ಬೈಯದೆ ಕರೆತಂದೆ. ಹೀಗೆ ಕರೆತರುವುದೇ ಅಭ್ಯಾಸ, ಓಡದಂತೆ ಕಟ್ಟಿಹಾಕುವುದಲ್ಲ.

ನಡೆಯುವಾಗ, ಉಣ್ಣುವಾಗ, ಬಟ್ಟೆ ಉಡುವಾಗ, ಮಾತಾಡುವಾಗಲೂ ಅರಿವಿರಲಿ ಎಂದು ಸತಿಪಟ್ಠಾನ ಸುತ್ತ ಹೇಳುತ್ತದೆ. ಕೆರೆ ಏರಿಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ರೊಟ್ಟಿ, ಶೇಂಗಾ ಚಟ್ನಿ. ಫೋನು ಚೀಲದಲ್ಲೇ ಇತ್ತು. ಅಜ್ಜಾರು ಹೇಳಿದಂತೆ ಗಾಳಿ ನಿಜಕ್ಕೂ ಛಲೋ ಇತ್ತು.

ಅದೇ ಶಾಸನ ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಇನ್ನೊಂದು ವಿಹಾರವನ್ನೂ ಹೆಸರಿಸುತ್ತದೆ. ಗದಗಿಗೆ ಹತ್ತಿರದ ಊರು. ಬೆಳಿಗ್ಗೆ ಬೇಗ ಹೊರಟರೆ ಎರಡನ್ನೂ ಒಂದೇ ದಿನ ನೋಡಬಹುದು. ನಾನು ಲಕ್ಕುಂಡಿಯನ್ನು ಮುಂದಿನ ರಜೆಗೆ ಇಟ್ಟುಕೊಂಡೆ.