ಫ್ಲ್ಯಾಪ್ ತೆರೆಯದ ದಿನ

14 ಆಗಸ್ಟ್ 2024, ಬುಧವಾರ, ಹುಬ್ಬಳ್ಳಿ

ಬೆಳಿಗ್ಗೆ ಬರಬೇಕಾದವನು ರಾತ್ರಿ ಮನೆ ಮುಟ್ಟಿದೆ. ಬೆಂಗಳೂರಿನಿಂದ ಹೊರಟ ವಿಮಾನ ಊರ ಮೇಲೆ ಬಂದಿತ್ತು, ಉಣಕಲ್ ಕೆರೆ ಕಾಣಿಸಿತು, ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಸುತ್ತು ಹಾಕೋಕೆ ಶುರುವಾಯಿತು. ಒಂದು ಸುತ್ತು, ಎರಡು, ಮೂರು. ಹಿಂದಿನ ಸೀಟಿನವರು ಸಿಟ್ಟಾದರು: "ಇಳಸೂದು ಬಿಟ್ಟು ಸುಮ್ನ ಯಾಕ ತಿರಗಸಾಕತ್ತಾರ್ರೀ?"

ಸುಮ್ನೆ ಅಲ್ಲ. ಆಮೇಲೆ ಕ್ಯಾಪ್ಟನ್ ಹೇಳಿದರು, ಫ್ಲ್ಯಾಪ್ ಅರ್ಧಕ್ಕೇ ನಿಂತಿದೆ, ಬೆಂಗಳೂರಿಗೆ ವಾಪಸ್ ಹೋಗುತ್ತೇವೆ ಅಂತ.

ನನ್ನ ಸೀಟು ರೆಕ್ಕೆ ಪಕ್ಕ. ಫ್ಲ್ಯಾಪ್ ಅಂದರೆ ರೆಕ್ಕೆಯ ಹಿಂದಿನ ಅಂಚಿನಿಂದ ಹೊರಬಂದು ಕೆಳಕ್ಕೆ ಬಾಗುವ ಹಲಗೆ. ಅದಿದ್ದರೆ ವಿಮಾನ ನಿಧಾನಕ್ಕೆ ಹೋದರೂ ಗಾಳಿಯಲ್ಲಿ ನಿಲ್ಲುತ್ತದೆ. ಒಂದು ಕಡೆ ತೆರೆದು ಇನ್ನೊಂದು ಕಡೆ ತೆರೆಯದಿದ್ದರೆ ವಿಮಾನ ವಾಲುತ್ತದೆ, ಹಾಗಾಗಿ ವ್ಯತ್ಯಾಸ ಕಂಡ ಕೂಡಲೇ ಎರಡೂ ಕಡೆ ತಾನಾಗಿ ಲಾಕ್ ಆಗುತ್ತವೆ. ಆಗ ಜಾಸ್ತಿ ವೇಗದಲ್ಲೇ ಇಳಿಯಬೇಕು, ನಿಲ್ಲೋಕೆ ಜಾಸ್ತಿ ಉದ್ದ ಬೇಕು. ನಮ್ಮ ರನ್‌ವೇ 2600 ಮೀಟರ್, ಮೇಲಾಗಿ ಮಳೆಗೆ ಒದ್ದೆ. ಬೆಂಗಳೂರಿನದು 4000. ಆ ಸುತ್ತುಗಳಲ್ಲಿ ಪೈಲಟ್‌ಗಳಿಬ್ಬರು ಚೆಕ್‌ಲಿಸ್ಟ್ ಓದುತ್ತಾ ಇದನ್ನೇ ಲೆಕ್ಕ ಹಾಕುತ್ತಿದ್ದರು. ಕೆಳಗೆ ಊರು ಕಾಣುತ್ತಿದ್ದರೂ ಇಳಿಯದೆ ಹೋದರಲ್ಲ, ಅದಕ್ಕೆ ನನಗೆ ತುಂಬಾ ಗೌರವ.

ಬೆಂಗಳೂರಲ್ಲಿ ನೆಲ ಸರ್ರನೆ ಹಿಂದೆ ಓಡಿತು. ಅಗ್ನಿಶಾಮಕ ಗಾಡಿಗಳು ಜೊತೆಗೇ ಬಂದವು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಎಲ್ಲರೂ ಮೊಬೈಲ್ ಹಿಡಿದು ಮನೆಗೆ ಫೋನ್ ಮಾಡಿದರು.

ರಾತ್ರಿ ಅವ್ವ ಬಿಸಿ ರೊಟ್ಟಿ ಬಡಿಸುತ್ತಿದ್ದಳು. 30 ವರ್ಷ ಬಸ್ ಓಡಿಸಿದ ಅಪ್ಪ ಕೇಳಿದರು, "ಸ್ಟೇರಿಂಗೇ ಹ್ವಾದ್ರ ಏನ್ ಮಾಡ್ತಾರ?"

ಅದೂ ಆಗಿದೆ ಅಂದೆ. 1989ರ ಜುಲೈ 19, ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ 232 ನಂಬರ್ ವಿಮಾನ. ಬಾಲದ ಎಂಜಿನ್ ಒಡೆದು, ಅದರ ಚೂರು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳ, ಅಂದರೆ ದ್ರವದ ಒತ್ತಡದಿಂದ ರೆಕ್ಕೆ, ಬಾಲದ ಹಲಗೆಗಳನ್ನು ಆಡಿಸುವ ವ್ಯವಸ್ಥೆಗಳ, ಪೈಪ್ ಕತ್ತರಿಸಿದವು. ಎಲ್ಲಿಗೂ ತಿರುಗಿಸೋಕೆ ಆಗದ ಸ್ಥಿತಿ. ಕ್ಯಾಪ್ಟನ್ ಆಲ್ ಹೇನ್ಸ್ ಜೊತೆಗೆ, ಪ್ರಯಾಣಿಕರ ನಡುವೆ ಕೂತಿದ್ದ, ಪೈಲಟ್‌ಗಳಿಗೆ ತರಬೇತಿ ಕೊಡುವ ಡೆನಿಸ್ ಫಿಚ್ ಬಂದು ಉಳಿದ ಎರಡು ಎಂಜಿನ್‌ಗಳ ಥ್ರಾಟಲ್, ಅಂದರೆ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ, ಹಿಡಿದರು. ಒಂದಕ್ಕೆ ಜಾಸ್ತಿ, ಒಂದಕ್ಕೆ ಕಡಿಮೆ ಕೊಟ್ಟು ತಿರುಗಿಸುತ್ತಾ ಸೂ ಸಿಟಿ ರನ್‌ವೇವರೆಗೆ ತಂದರು. ಇಳಿಯುವಾಗ ವಿಮಾನ ಮುರಿದು ಉರಿಯಿತು. ಆದರೂ 296 ಜನರಲ್ಲಿ 184 ಮಂದಿ ಬದುಕಿದರು.

ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತರು. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮ ಗಾಡಿದು ಬ್ರೇಕ್ ಭಾಳ ಕಾದಿದ್ದುವೇನು?" ಅಂದರು.

ಕಾದಿದ್ದವು. ಅಗ್ನಿಶಾಮಕದವರು ಗಾಲಿ ನೋಡಿ ಸರಿ ಅನ್ನೋವರೆಗೂ ನಮ್ಮನ್ನು ಇಳಿಸಿರಲಿಲ್ಲ.